ಬಿಳಿ ಬೆಡ್‌ಶೀಟೂ ಕೆಂಪು ಬೆನ್ನೂ

ಈ ಸಲ ನಾನು ಹಾಸಿಗೆ ಮುಟ್ಟುವುದಿಲ್ಲ! ಹಾಸುವುದಿಲ್ಲ, ಕೊಡವುವುದಿಲ್ಲ, ಮಡಿಸುವುದಿಲ್ಲ. ಎರಡು ದಿನದ ಮಟ್ಟಿಗೆ ನಾನು ಮನೆಯ ಹೆಂಗಸಲ್ಲ, ಗೆಸ್ಟು!

ಹೀಗೆಂದು ಮಧುಗಿರಿಯ ನಮ್ಮ ಮನೆಯ ಹಾಲ್‌ನಲ್ಲಿ ನಿಂತು, ಗಂಡ ಶಿವರಾಜು, ಮಗಳು ಲಾವಣ್ಯ, ಅತ್ತೆ ನಾಗಕ್ಕ ಈ ಮೂವರ ಎದುರಿಗೆ ಘೋಷಣೆ ಹೊರಡಿಸಿದೆ. ಹದಿನೆಂಟು ವರ್ಷ ಬೆಳಗಾಗೆದ್ದು ಹಾಸಿಗೆ ಎತ್ತಿ, ಅಡುಗೆ ಮುಗಿಸಿ, ಶಾಲೆಗೆ ಓಡಿ ಮೂರನೇ ತರಗತಿಗೆ ಮಗ್ಗಿ ಹೇಳಿಕೊಟ್ಟವಳಿಗೆ ಇಷ್ಟೂ ಹಕ್ಕಿಲ್ಲವೇ?

"ಭಾಷಣ ಮುಗೀತಾ? ನನ್ನ ಬನಿಯನ್ನು ಬ್ಯಾಗಿಗೆ ಹಾಕಿದ್ಯಾ?" ಎಂದರು ಶಿವರಾಜು.

ಮೊದಲು ಊಟಿ ಎಂದಿದ್ದ ಪ್ರವಾಸ ಆಮೇಲೆ ಮೈಸೂರಾಗಿ, ಕೊನೆಗೆ ಕೊರಟಗೆರೆ ಕಡೆ ಬೆಟ್ಟದ ಬುಡದಲ್ಲಿ ಹೊಸದಾಗಿ ತೆರೆದಿದ್ದ ರೆಸಾರ್ಟಿಗೆ ಬಂದು ನಿಂತಿತು. ಮನೆಯಿಂದ ಮುಕ್ಕಾಲು ಗಂಟೆ!

"ಅಪ್ಪಾ, ನಾನು ಟ್ಯೂಷನ್ನಿಗೆ ಹೋಗಿಬರೋದೇ ಇದಕ್ಕಿಂತ ಜಾಸ್ತಿ ಹೊತ್ತಾಗುತ್ತೆ" ಎಂದಳು ಲಾವಣ್ಯ. ಅಪ್ಪ ಕಿಟಕಿಯಾಚೆ ನೋಡುತ್ತಾ ಪ್ರಕೃತಿ ಸೌಂದರ್ಯವನ್ನು ಸವಿದರು.

ಅತ್ತೆಗೆ ನಾನು ಹಾಕಿದ್ದು ಒಂದೇ ಷರತ್ತು. "ಅತ್ತೆಮ್ಮ, ಆ ಕರೀ ಕಂಬಳಿ ಮಾತ್ರ ಬೇಡ. ಅಲ್ಲಿ ಎಲ್ಲಾ ಕೊಡ್ತಾರೆ."

"ಆಗ್ಲಿ ಕಣಮ್ಮ" ಎಂದಿದ್ದವರು ರೂಮಿಗೆ ಕಾಲಿಟ್ಟ ಕೂಡಲೇ ಸೀರೆಗಳ ಅಡಿಯಿಂದ ಕಂಬಳಿ ಎಳೆದು ನೆಲಕ್ಕೆ ಹಾಸಿದರು! "ನಮ್ಮಪ್ಪನ ಕುರಿ ಉಣ್ಣೇದು. ಇದಿಲ್ದಿದ್ರೆ ನಂಗೆ ನಿದ್ದೆ ಹತ್ತಲ್ಲ" ಎಂದು ಮಗ್ಗುಲಾದರು. ನಾನು ಹಲ್ಲು ಕಚ್ಚಿದೆ. ಆದರೆ ಮಂಚದ ಕಡೆ ತಿರುಗಿದವಳ ಕಣ್ಣು ತುಂಬಿ ಬಂತು. ಹಾಲಿನಂತಹ ಬಿಳಿ ಬೆಡ್‌ಶೀಟು! ಒಂದು ಸುಕ್ಕಿಲ್ಲ. ಬೇರೆ ಯಾರೋ ನನಗಾಗಿ ಹಾಸಿದ ಹಾಸಿಗೆ! ತವರು ಬಿಟ್ಟ ಮೇಲೆ ಇಂಥದ್ದು ಕಂಡಿರಲಿಲ್ಲ. ಊಟ ಮಾಡಿ ಬಂದು ನಾವು ಮೂವರೂ ಆ ಬಿಳುಪಿನ ಮೇಲೆ ಬಿದ್ದುಕೊಂಡೆವು.

ನಾಲ್ಕು ಗಂಟೆಗೆ ಎಚ್ಚರವಾದದ್ದು ಶಿವರಾಜು ಅವರ ಅರಚಾಟಕ್ಕೆ.

"ಯಶೋದಾ! ಲೇ! ಏನೇ ಇದು?"

ಬೆನ್ನ ತುಂಬ ಗಂಧೆ! ಒಂದೊಂದೂ ಚಕ್ಕುಲಿಯಷ್ಟು ಅಗಲ, ಮೆಣಸಿನಕಾಯಿಯಷ್ಟು ಕೆಂಪು.

"ಏನೇ ಮಾಡ್ಬುಟ್ಟೆ?"

"ನಾನಾ? ಇದನ್ನ ನಾನು ಹಾಸಿಲ್ಲ, ಒಗೆದಿಲ್ಲ, ನೇಯ್ದೂ ಇಲ್ಲ! ಹಾಸಿದೋರನ್ನ ಹೋಗಿ ಕೇಳಿ!"

"ನೀನೇ ಹೋಗಿ ಒಂದು ಮಾತು ಕೇಳು. ಬೆನ್ನಿಗೆ ಬಟ್ಟೆ ತಾಗಿದ್ರೆ ಉರೀತೈತೆ, ಬರೀ ಮೈಯಲ್ಲಿ ನಾನು ಹೆಂಗೋಗ್ಲಿ?"

ನೋಡಿ, ಗಂಡಸಿಗೆ ಮೈ ಉರಿದರೆ ಅದು ತುರ್ತು ಪರಿಸ್ಥಿತಿ! ನನ್ನ ಎರಡೂ ತೋಳು, ಲಾವಣ್ಯಳ ಕುತ್ತಿಗೆ ಅಷ್ಟೇ ಕೆಂಪಗೆ ಉಬ್ಬಿದ್ದವು. ವಿಚಾರಿಸಿದವರು ಯಾರು?

"ಇದು ಪಿತ್ತ ಕಣೆ. ಕಂಬಳೀಲಿ ಉಜ್ಜಿದ್ರೆ ಇಳೀತದೆ. ಅವ್ವಾ, ಕಂಬ್ಳಿ ಕೊಡು" ಎಂದರು ಶಿವರಾಜು.

ಪಿತ್ತದ ಗಂಧೆ ಎದ್ದರೆ ಕಂಬಳಿಯಿಂದ ಉಜ್ಜುವುದು ನಮ್ಮ ಕಡೆ ಅಜ್ಜ ಮುತ್ತಜ್ಜರ ಕಾಲದ ಔಷಧಿ. ಆದರೆ ಅತ್ತೆ ಬೆನ್ನನ್ನು ದಿಟ್ಟಿಸಿ, "ಬ್ಯಾಡ ಕಣ್ಲಾ. ಇದು ಪಿತ್ತ ಇದ್ದಂಗಿಲ್ಲ" ಎಂದರು. ಮಗ ಕೇಳುವುದುಂಟೇ? ಆಗಲೇ ಬೋರಲು ಮಲಗಿಯಾಗಿತ್ತು.

ಉಜ್ಜುವ ಕೆಲಸ ಎಂದಿನಂತೆ ಗೆಸ್ಟಿನ ಪಾಲಿಗೆ ಬಂತು! ಆದರೆ ಒಪ್ಪಿಕೊಳ್ಳುತ್ತೇನೆ, ಈ ಕೆಲಸವೊಂದನ್ನು ನಾನು ಮನಸಾರೆ ಮಾಡಿದೆ. ಹದಿನೆಂಟು ವರ್ಷದ ಸಿಟ್ಟನ್ನು ಅಂಗೈಗೆ ಇಳಿಸಿಕೊಂಡು, ಊಟಿಗೊಂದು ಸಲ, ಮೈಸೂರಿಗೊಂದು ಸಲ, ಬನಿಯನ್ನಿಗೆ ಎರಡು ಸಲ ಉಜ್ಜಿದೆ.

"ಅಯ್ಯಯ್ಯೋ! ಮೆಲ್ಲಗೆ ಕಣೇ!"

"ಔಷಧಿ ಅಂದ್ಮೇಲೆ ಉರೀಬೇಕು ಕಣ್ರೀ!"

ಗಂಧೆಗಳು ಇಳಿಯಲಿಲ್ಲ. ಅಲ್ಲಲ್ಲಿ ಚದುರಿದ್ದವೆಲ್ಲ ಒಂದಾಗಿ, ಬೆನ್ನಿನ ಮೇಲೆ ಏಕೀಕರಣವಾಯಿತು!

ಬ್ಯಾಗಿನಲ್ಲಿದ್ದ ಅಲರ್ಜಿ ಮಾತ್ರೆಯನ್ನು ಗಂಡನಿಗೂ ಮಗಳಿಗೂ ಕೊಟ್ಟು, ನಾನೂ ಒಂದು ನುಂಗಿದೆ. ಅದನ್ನು ನೆನಪಿಟ್ಟು ತಂದವಳೂ ನಾನೇ ಎಂಬುದನ್ನು ದಯವಿಟ್ಟು ಗಮನಿಸಿ! ಆಮೇಲೆ, ಮುಟ್ಟುವುದಿಲ್ಲವೆಂದು ಶಪಥ ಮಾಡಿದ್ದ ಆ ಬೆಡ್‌ಶೀಟನ್ನು ಕಿತ್ತು ಕಂಕುಳಿಗೆ ಇರುಕಿಕೊಂಡು ರಿಸೆಪ್ಷನ್ನಿಗೆ ದಂಡೆತ್ತಿ ಹೋದೆ. ಹಿಂದೆ ಲಾವಣ್ಯ, ಅವಳ ಹಿಂದೆ ಮೆಲ್ಲಗೆ ಅತ್ತೆ.

ಮ್ಯಾನೇಜರ್ ಅಂಜನ್ ಕುಮಾರ್ ಟೈ ಸರಿಮಾಡಿಕೊಂಡು ನಕ್ಕ. "ಮೇಡಂ, ಬೇರೆ ಯಾರ್ಗೂ ಹಿಂಗಾಗಿಲ್ಲ. ನಿಮ್ಮದೇ ಏನೋ ಸೆನ್ಸಿಟಿವ್ ಸ್ಕಿನ್ ಇರ್ಬೇಕು."

"ಮಂಚದ ಮೇಲೆ ಮಲಗಿದ್ದು ಮೂರು ಜನ, ಮೂವರಿಗೂ ಎದ್ದಿದೆ!"

"ಬೇರೆ ಸೆಟ್ ಕೊಡ್ತೀನಿ ಬಿಡಿ. ಹೌಸ್‌ಕೀಪಿಂಗ್‌ನೋರು ಹೊರಟೋದ್ರು, ನೀವೇ ಹಾಸ್ಕೊಂಡ್ಬಿಡಿ. ಹೆಣ್ಮಕ್ಳಿಗೆ ಹಾಸಿಗೆ ಹಾಸೋದು ಒಂದು ಕೆಲ್ಸಾನಾ ಮೇಡಂ?"

ಒಂದು ಕೆಲಸಾನಾ! ಮೈಯ ಉರಿ ನೆತ್ತಿಗೇರಿತು.

"ಕೆಲಸ ಅಲ್ಲದಿದ್ರೆ ನೀವೇ ಬಂದು ಹಾಸಿ! ನೀವು ದುಡ್ಡು ಕೊಟ್ಟು ಮಾಡಿಸಿದ್ರೆ ಅದು ಹೌಸ್‌ಕೀಪಿಂಗ್, ನಾವು ಬಿಟ್ಟಿ ಮಾಡಿದ್ರೆ ಅದು ಕೆಲಸವೇ ಅಲ್ವಾ? ಬೆಳಿಗ್ಗೆ ನೀವು ಎದ್ದು ಬಂದ್ರಲ್ಲ, ನಿಮ್ಮ ಹಾಸಿಗೆ ತಾನಾಗೇ ಮಡಿಸ್ಕೊಳ್ತಾ?"

ಕಾಫಿಗೆಂದು ಬಂದಿದ್ದ ಪಾವಗಡದ ಕುಟುಂಬವೊಂದು ನಿಂತು ಕೇಳತೊಡಗಿತು. ಅವರಲ್ಲಿ ದಪ್ಪನೆಯ ಹೆಂಗಸೊಬ್ಬಳು "ಗಟ್ಟಿಗಾ ಅಡುಗಕ್ಕಾ!" ಎಂದು, ಗಟ್ಟಿಯಾಗಿ ಕೇಳಕ್ಕಾ ಅಂತ, ತೆಲುಗಿನಲ್ಲಿ ಹುರಿದುಂಬಿಸಿದಳು. ಅಷ್ಟು ಸಾಕಾಯಿತು ನೋಡಿ, ನನ್ನ ನಾಲಿಗೆ ಒಂದು ಮೈಲಿ ಮುಂದೆ ಹೋಯಿತು.

"ನಮ್ಮನೇಲೂ ವಾಷಿಂಗ್ ಮೆಷಿನ್ ಇದೆ ಕಣ್ರೀ! ನನ್ನ ಸಂಬಳದಲ್ಲಿ ತಂದಿದ್ದು. ಬೆಳಿಗ್ಗೆ ಬಟನ್ ಒತ್ತಿ ಶಾಲೆಗೆ ಹೋಗ್ತೀನಿ, ಅಷ್ಟೇ. ಒಂಬತ್ತು ವರ್ಷದಲ್ಲಿ ಒಬ್ಬರಿಗೂ ಒಂದು ಗುಳ್ಳೆ ಎದ್ದಿಲ್ಲ! ಮೆಷಿನ್ ಹಾಕೋದು ಹೆಂಗೆ ಅಂತ ನಮ್ಮನೆಗೆ ಬಂದು ಕಲೀರಿ!"

ಪಾವಗಡದವರು ಚಪ್ಪಾಳೆ ತಟ್ಟಿದರು.

ಅತ್ತೆ ಮುಂದೆ ಬಂದರು. ನನ್ನ ಕಂಕುಳಿನಿಂದ ಬೆಡ್‌ಶೀಟಿನ ತುದಿ ಎಳೆದು, ಬೆರಳಲ್ಲಿ ಹೊಸಕಿ, ಮೂಸಿದರು. ಟೇಬಲ್ಲಿನ ಮೇಲಿದ್ದ ಮ್ಯಾನೇಜರನ ನೀರಿನ ಲೋಟಕ್ಕೆ ಅದ್ದಿ ಹಿಂಡಿದರು. ಬುಳುಬುಳು ಎಂದು ನೊರೆ!

"ಪುಡಿ ಕಣಪ್ಪ, ಸೋಪಿನ ಪುಡಿ. ಈ ಬೋರ್ ನೀರಲ್ಲಿ ಒಂದು ಸಲಕ್ಕೆ ಬುಡಲ್ಲ. ಇನ್ನೂ ಎಲ್ಡು ನೀರಲ್ಲಿ ಜಾಲಿಸ್ಬೇಕು. ನನ್ನ ಮಗಂಗಂತೂ ಚಿಕ್ಕೋನಾಗಿದ್ದಾಗ್ಲಿಂದ ಪುಡಿ ಮೈಗೆ ಆಗಲ್ಲ."

"ನೋಡಿ! ನಮ್ಮತ್ತೇನ ನೋಡಿ ಕಲೀರಿ!" ಎಂದು ನಾನು ಗೆದ್ದವಳಂತೆ ಎದೆ ಉಬ್ಬಿಸಿದೆ.

ಲಾವಣ್ಯ ಹುಬ್ಬು ಗಂಟಿಕ್ಕಿದಳು. "ಅಜ್ಜಿ, ನಮ್ಮನೇದೂ ಬೋರ್ ನೀರೇ ಅಲ್ವಾ? ಮತ್ತೆ ಅಲ್ಲಿ ಯಾಕೆ ಯಾರಿಗೂ ಏನೂ ಆಗಲ್ಲ?"

"ನಿಮ್ಮಮ್ಮ ಇಸ್ಕೂಲಿಗೆ ಹೋದ್ಮೇಲೆ, ಮಿಸನ್ನಿಂದ ತೆಗ್ದು ನಾನು ಎಲ್ಡು ನೀರಲ್ಲಿ ಜಾಲಿಸಿ ಒಣಗಾಕ್ತೀನಲ್ಲವ್ವ."

"ದಿನಾನಾ?" ಎಂದೆ ನಾನು.

"ಮಿಸನ್ ಬಂದಾಗ್ಲಿಂದ. ನಿನ್ ಸಂಬ್ಳದಲ್ಲಿ ತಂದಿದ್ದು, ಅದು ಸರ್ಯಾಗಿ ಒಗೆಯಲ್ಲ ಅಂದ್ರೆ ನೊಂದ್ಕಂತೀಯ ಅಂತ ಹೇಳ್ಲಿಲ್ಲ ಕಣಮ್ಮ."

ಒಂಬತ್ತು ವರ್ಷ! ಮಹಿಳಾ ದಿನಾಚರಣೆಯಲ್ಲಿ "ಯಂತ್ರ ಮತ್ತು ಹೆಣ್ಣಿನ ಬಿಡುಗಡೆ" ಎಂದು ಮುಕ್ಕಾಲು ಗಂಟೆ ಮಾತಾಡಿ ಶಾಲು ಹೊದಿಸಿಕೊಂಡು ಬಂದವಳು ನಾನು. ಆ ಶಾಲನ್ನೂ ಇವರೇ ಜಾಲಿಸಿದ್ದಾರು! ಪಾವಗಡದ ಹೆಂಗಸು ಮೆಲ್ಲಗೆ ಕಾಫಿಯ ಕಡೆ ತಿರುಗಿಕೊಂಡಳು.

ಮ್ಯಾನೇಜರನಿಗೆ ಮಾತ್ರ ಜೀವ ಬಂತು. "ಅಜ್ಜಿ, ನಮ್ಮಲ್ಲಿ ಇಷ್ಟು ಗೊತ್ತಿರೋರು ಒಬ್ರೂ ಇಲ್ಲ. ಲಾಂಡ್ರಿಗೆ ನೀವೇ ಬಂದ್ಬಿಡಿ ಕೆಲಸಕ್ಕೆ!"

ನನಗೆ ರೇಗಿಹೋಯಿತು. "ಏನ್ರೀ ಮಾತಾಡ್ತಿದೀರ? ಅವರಿಗೆ ಅರವತ್ತೆಂಟು ವರ್ಷ! ಈ ವಯಸ್ಸಲ್ಲಿ ಅವರ ಕೈಲಿ ಬಟ್ಟೆ ಒಗೆಸ್ತೀರಾ? ನಾಚಿಕೆ ಆಗಲ್ವಾ?"

ಅತ್ತೆ ನನ್ನ ತೋಳು ಹಿಡಿದು ಪಕ್ಕಕ್ಕೆ ಸರಿಸಿದರು.

"ಸುಮ್ಕಿರಮ್ಮ ನೀನು" ಎಂದು ಸೆರಗು ಸಿಕ್ಕಿಸಿಕೊಂಡು, ಮ್ಯಾನೇಜರನ ಮುಂದಿನ ಕುರ್ಚಿ ಎಳೆದು ಕೂತರು. "ಸಂಬ್ಳ ಏಟು ಕೊಡ್ತೀಯಪ್ಪಾ?"