ಹುತಾತ್ಮರ ಮೇಲೆ ನಮ್ಮತ್ತಿಯ ತಕರಾರು

ನಮ್ಮ ಅತ್ತಿ ಸತ್ತವರನ್ನೂ ಬಿಡುವುದಿಲ್ಲ. ಬದುಕಿದವರನ್ನು ಬೈಯುವವರು ಊರಿಗೆ ನೂರು ಜನ ಸಿಕ್ಕಾರು, ಅದೇನು ದೊಡ್ಡ ವಿದ್ಯೆಯಲ್ಲ. ಆದರೆ ಹೆಣದ ಪಕ್ಕ ಕುಳಿತು, ಓಣಿಯೆಲ್ಲ ಮೂಗು ಒರೆಸಿಕೊಳ್ಳುತ್ತಿರುವಾಗ, ಸತ್ತವನ ಅವಗುಣ ತೆಗೆಯುವ ಎದೆಗಾರಿಕೆ ಎಷ್ಟು ಜನಕ್ಕೆ ಇದ್ದೀತು? ಅತ್ತಿ ಎಂದ ಕೂಡಲೇ ಹೆಂಡತಿಯ ತಾಯಿ ಎಂದು ತಿಳಿಯಬೇಡಿ. ಅವರು ನನ್ನನ್ನು ಜೀವಂತ ಇರುವಾಗಲೇ ಬೈಯುತ್ತಾರೆ. ಈಕೆ ನಮ್ಮಪ್ಪನ ಅಕ್ಕ. ಹಳಿಯಾಳದಲ್ಲಿ ಮನೆ, ಎಪ್ಪತ್ತು ದಾಟಿದ ವಯಸ್ಸು, ಇಪ್ಪತ್ತರ ನಾಲಿಗೆ.

ಒಮ್ಮೆ ಆಕೆಯ ಓಣಿಯಲ್ಲಿ ಹಿರಿಯರೊಬ್ಬರು ತೀರಿಕೊಂಡರು. ಯಾರೋ ನಿಟ್ಟುಸಿರು ಬಿಟ್ಟು, "ದೇವರಂಥಾ ಮನಷ್ಯಾ" ಎಂದರು.

"ಯಾವ ದೇವರಂಥಾ?" ಎಂದಳು ಅತ್ತಿ. "ಇಸ್ಪೀಟ್ ಆಡುವಾಗ ತೊಡಿ ಕೆಳಗ ಎಲಿ ಮುಚ್ಚಿಡೂ ದೇವರು ಯಾವುದರ ಐತೇನು?"

ಸತ್ತವರ ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಅವರ ಹೆಗಲು ಅಲುಗುತ್ತಿತ್ತು. ಅಳುತ್ತಿದ್ದಾರೆ ಎಂದುಕೊಂಡು ನಾನೇ ಅವರ ಕ್ಷಮೆ ಕೇಳಿ ಬಂದೆ.

ಎಲ್ಲರೂ ತಮ್ಮ ಮನೆಯ ಹಿರಿಯರು ಎಲ್ಲಿ ಹೋಗಿಬಿಡುತ್ತಾರೋ ಎಂದು ಹೆದರಿದರೆ, ನನ್ನ ಹೆದರಿಕೆ ಬೇರೆ. ಅತ್ತಿಗಿಂತ ಮೊದಲು ನಾನು ಹೋಗಿಬಿಟ್ಟರೆ? ನನ್ನ ಸಂತಾಪ ಸಭೆಯಲ್ಲಿ ಆಕೆ ಏನು ಹೇಳುತ್ತಾಳೆ ಎಂದು ನನಗೆ ಈಗಲೇ ಗೊತ್ತು. "ಮೈಕ್ ಕಂಡ್ರ ಬಿಡತಿದ್ದಿಲ್ಲ. ಮನ್ಯಾಗ ಹೆಂಡ್ತಿ ಕೇಳ್ತಿದ್ದಿಲ್ಲ ಅಂತ ಊರಿಗೆಲ್ಲಾ ಹೇಳತಿದ್ದ." ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ ಎಂಬುದೇ ನನ್ನ ದುಃಖ.

ದಾಂಡೇಲಿಯ ಬಂಗೂರನಗರದಲ್ಲಿ ಕಾಲೇಜು ಹುಡುಗರಿಗೆ ಕನ್ನಡ ಕಲಿಸುವುದು ನನ್ನ ಉದ್ಯೋಗ. ವಿದ್ಯೆ ಹೇಗಿದ್ದರೂ ದನಿ ದೊಡ್ಡದು. ಹೀಗಾಗಿ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ, ಎಲ್ಲೇ ಯುದ್ಧದಲ್ಲಿ ಮಡಿದ ಯೋಧರ ಸ್ಮರಣೆ ನಡೆಯಲಿ, ಮೈಕಿನ ಮುಂದೆ ನಾನೇ. ನನ್ನ ಹುತಾತ್ಮ ಭಾಷಣ ಈ ಸೀಮೆಯಲ್ಲಿ ಬಲು ಪ್ರಸಿದ್ಧ. "ಅಂಜಿಕೆ ಎಂಬುದನ್ನೇ ಅರಿಯದ ಎದೆ, ಸಹ್ಯಾದ್ರಿಯಂತೆ ಅಚಲವಾದ ಮನಸ್ಸು, ಕಾಳಿ ನದಿಯಂತೆ ಉಕ್ಕುವ ದೇಶಪ್ರೇಮ" ಎಂದು ಶುರುವಾದರೆ ಗಡಿಯಾರವೂ ನಿಲ್ಲುತ್ತದೆ. ಯೋಧರು ಬೇರೆ ಬೇರೆ, ಭಾಷಣ ಒಂದೇ. ಹೆಸರೊಂದನ್ನು ಬದಲಿಸಿದರಾಯಿತು. ಮುಂಡಗೋಡಕ್ಕೆ ಹೋದಾಗ ಮಾತ್ರ ಕಾಳಿ ನದಿಯನ್ನು ಕೈಬಿಡುತ್ತೇನೆ, ಆ ಕಡೆ ಅದು ಹರಿಯುವುದಿಲ್ಲವಲ್ಲ. ಅಷ್ಟು ಪ್ರಾಮಾಣಿಕತೆ ನನ್ನಲ್ಲಿದೆ.

ಜೋಯಿಡಾ ಕಡೆಯ ಒಂದು ಸಭೆಯಲ್ಲಿ ಹೀಗೇ ಆಯಿತು. ಹುತಾತ್ಮನು ಬಂದೂಕು ಹಿಡಿದು ಶತ್ರುಗಳ ಮೇಲೆ ಸಿಂಹದಂತೆ ಎರಗಿದ್ದನ್ನು ನಾನು ಎಷ್ಟು ಚಂದ ವರ್ಣಿಸಿದೆನೆಂದರೆ, ನನಗೇ ಮೈ ಜುಮ್ಮೆಂದಿತು. ಸಭೆ ಮುಗಿದ ಮೇಲೆ ಆತನ ತಮ್ಮ ಬಂದು ನನ್ನ ಕೈ ಹಿಡಿದುಕೊಂಡ. "ಚಂದ ಮಾತಾಡಿದ್ರಿ ಸರ. ಆದ್ರ ನಮ್ಮ ಅಣ್ಣ ಅಲ್ಲಿ ಅಡಗಿ ಮಾಡಾಂವ ಇದ್ದ. ಅನ್ನಾ ಬಸಿಯುವಾಗ ಗುಂಡ ಬಿದ್ದು ಹೋದ." ಚಹಾ ಕುಡಿಯುವ ನೆವದಿಂದ ಅಲ್ಲಿಂದ ಜಾರಿಕೊಂಡೆ.

ಇಂಥ ಸಭೆಗಳಿಗೆ ಅತ್ತಿಗೂ ಕರೆ ಇರುತ್ತದೆ. ಆಕೆಯ ಅಣ್ಣ, ಅಂದರೆ ನನ್ನ ದೊಡ್ಡಪ್ಪ, ಬಾಂಗ್ಲಾ ಯುದ್ಧದಲ್ಲಿ ತೀರಿಕೊಂಡವನು. ನಾನಾಗ ಹುಟ್ಟಿರಲಿಲ್ಲ. ಅವನ ಬಗ್ಗೆ ನನಗೆ ಗೊತ್ತಿರುವುದು ಗೋಡೆಯ ಮೇಲಿನ ಸಮವಸ್ತ್ರದ ಫೋಟೊ ಮತ್ತು "ಧೀರ" ಎಂಬ ಒಂದು ಶಬ್ದ, ಅಷ್ಟೇ. ಹುತಾತ್ಮನ ತಂಗಿಯೆಂದು ಅತ್ತಿಯನ್ನು ಮುಂದಿನ ಸಾಲಿನಲ್ಲಿ ಕೂರಿಸುತ್ತಾರೆ, ಶಾಲು ಹೊದಿಸುತ್ತಾರೆ. ಆಕೆ ಶಾಲು ಮಡಚಿ ಚೀಲಕ್ಕೆ ಹಾಕಿಕೊಂಡು, ನಾನು ಮೈಕಿನ ಮುಂದೆ ನಿಂತ ಕೂಡಲೇ ಪಕ್ಕದವರಿಗೆ ಕೇಳುವಂತೆ ಹೇಳುತ್ತಾಳೆ: "ಈಗ ಕಾಳಿ ನದಿ ಬರ್ತೈತಿ ನೋಡ್ರಿ." ಅದು ಬಂದೇ ಬರುತ್ತದೆ.

ಈಚೆಗೆ ಹಳಿಯಾಳದ ಒಳಭಾಗದ ಒಂದು ಹಳ್ಳಿಯಲ್ಲಿ, ಸುತ್ತಲಿನ ಊರುಗಳಿಂದ ಹೋಗಿ ಯುದ್ಧಗಳಲ್ಲಿ ಮಡಿದವರ ಹೆಸರು ಕೆತ್ತಿಸಿ ಒಂದು ಕಲ್ಲು ನಿಲ್ಲಿಸಿದರು. ಮನೆಗೊಬ್ಬ ಮಗ ಮಿಲ್ಟ್ರಿಗೆ ಹೋಗುವುದು ರೂಢಿಯಾಗಿರುವ ಊರು ಅದು. ಕಾರ್ಗಿಲ್ಲಿನಲ್ಲಿ ತೀರಿಕೊಂಡ ಪರಶುರಾಮನ ತಾಯಿ ತುಳಸಾಬಾಯಿ ಕಲ್ಲಿನ ಮೇಲಿನ ಬಟ್ಟೆ ಸರಿಸಬೇಕೆಂದು ಊರವರು ಗೊತ್ತು ಮಾಡಿದರು. ಆಮಂತ್ರಣ ಪತ್ರಿಕೆಯೂ ಅಚ್ಚಾಯಿತು. ಆಮೇಲೆ ನೋಡಿದರೆ, ತುಳಸಾಬಾಯಿಯೇ ಬರಲು ಒಲ್ಲೆ ಎಂದರು. "ನಿಮ್ಮ ಮಾತು ಅಂದ್ರ ಮಾತು. ಹೆಂಗರ ಮಾಡಿ ಒಪ್ಪಸ್ರಿ ಸರ" ಎಂದು ಊರಿನ ಹಿರಿಯರು ನನ್ನ ಬೆನ್ನು ಹತ್ತಿದರು. ಹೊಗಳಿದರೆ ನಾನು ಬಾವಿಗೂ ಬೀಳುವವನು. ಹೋದೆ.

ತುಳಸಾಬಾಯಿ ಮನೆಯ ಮುಂದಿನ ಕಟ್ಟೆಯ ಮೇಲೆ ಅಕ್ಕಿ ಹಸನು ಮಾಡುತ್ತ ಕುಳಿತಿದ್ದರು. ನಾನು ತ್ಯಾಗ, ಬಲಿದಾನ, ಮುಂದಿನ ಪೀಳಿಗೆ ಎಂದೆಲ್ಲ ಒಂದು ಸುತ್ತು ಹಾಕಿದೆ. ಅವರು ಕಲ್ಲು ಆರಿಸುವುದನ್ನು ನಿಲ್ಲಿಸಲಿಲ್ಲ.

"ನಾ ಬರೂದಿಲ್ರಿ ಸರ. ಮೊದಲೆಲ್ಲಾ ಬರ್ತಿದ್ದೆ. ಮೈಕಿನ್ಯಾಗ ಹೇಳತಾರಲ್ಲ, ಸಿಂಹದಂಥಾಂವ, ಗುಡ್ಡದಂಥಾಂವ ಅಂತ, ಆ ಮನಷ್ಯಾ ಯಾರೋ ನನಗ ಗೊತ್ತಿಲ್ಲ. ಕೈ ಮುಗಕೊಂಡು ಕುಂತು ಕೇಳಿ ಕೇಳಿ, ಈಗ ಕಣ್ಣ ಮುಚ್ಚಿದ್ರ ಅಂವನಽ ಬರ್ತಾನ, ನನ್ನ ಪರಶ್ಯಾ ಬರೂದಿಲ್ಲ. ಪರಶ್ಯಾನ ಬಗ್ಗೆ ಒಂದ ಮಾತು ಆಡಾವ್ರಿಲ್ಲ. ನಾನಽ ಆಡೂಣಂದ್ರ ಕೇಳಾವ್ರಿಲ್ಲ. ಇನ್ನೊಂದೀಟು ದಿನಾ ಹೋದ್ರ ಅಂವನ ಮುಖಾನೂ ಮರತ ಬಿಡ್ತೇನಿ ಅಂತ ಅಂಜಿಕಿ ಬರ್ತೈತ್ರಿ."

ಆ ಸಿಂಹವನ್ನೂ ಆ ಗುಡ್ಡವನ್ನೂ ಸಾಕಿ ಸಲಹಿದವನು ನಾನೇ ಎಂದು ಹೇಗೆ ಹೇಳಲಿ? ನೀರು ಕುಡಿದು, ನಮಸ್ಕಾರ ಮಾಡಿ ಎದ್ದು ಬಂದೆ.

ಮರಳುವಾಗ ಹಳಿಯಾಳದಲ್ಲಿ ಅತ್ತಿಯ ಮನೆಗೆ ಹೋಗಿ ಚುರಮರಿ ತಿನ್ನುತ್ತ ನನ್ನ ಗೋಳನ್ನೆಲ್ಲ ತೋಡಿಕೊಂಡೆ. ಆಕೆ ಬಾಯಿ ಹಾಕದೆ ಪೂರ್ತಿ ಕೇಳಿದಳು. ಆಗಲೇ ನನಗೆ ಸಂಶಯ ಬರಬೇಕಿತ್ತು.

"ಆ ಹುಡುಗ ಎಲ್ಲಿ ಸಾಲಿ ಕಲ್ತಾನ?" ಎಂದಳು.

"ಹಳಿಯಾಳದಾಗನಽ ಅಂತ. ಯಾಕ?"

"ಹಂಗಾರ ನಾಳೆ ನಾನೂ ಬರ್ತೇನಿ. ಅಂವನ ಮ್ಯಾಲ ನಂದೊಂದು ತಕರಾರು ಐತಿ."

ಬೇಡವೆಂದು ಕಾಲು ಹಿಡಿದೆ. ಅತ್ತಿಗೆ ಬೇಡ ಎನ್ನುವುದು ಬಾ ಎಂದು ಕರೆದ ಹಾಗೆ. ಮರುದಿನ ನನ್ನ ಸ್ಕೂಟರಿನ ಹಿಂದೆ ಅಡ್ಡ ಕುಳಿತು, ನನ್ನ ಅಂಗಿಯ ಕಾಲರನ್ನೇ ಹಿಡಿದುಕೊಂಡು, ಬ್ರೇಕು ಹಾಕಿದಾಗಲೆಲ್ಲ ಬೆನ್ನಿಗೊಂದು ಗುದ್ದು ಕೊಡುತ್ತ ಆ ಹಳ್ಳಿ ಮುಟ್ಟಿದಳು.

"ತುಳಸಾಬಾಯಿ ಅಂದ್ರ ನೀವಽ ಏನ್ರಿ?"

"ಹೌದ್ರಿ ಅಕ್ಕಾರ. ಬರ್ರಿ, ಕುಂದರ್ರಿ."

"ಕುಂದ್ರಾಕ ಬಂದಿಲ್ಲ. ನಿಮ್ಮ ಮಗಾ ಹಳಿಯಾಳದಾಗ ಸಾಲಿ ಕಲಿವಾಗ ನಮ್ಮ ಹಿತ್ತಲದ ಪೇರಲ ಗಿಡಾ ಹತ್ತಿ ಟೊಂಗಿ ಮುರದ. ಹಣ್ಣ ತಿಂದದ್ದು ಹೋಗ್ಲಿ, ಗಿಡಾನಽ ಸತ್ತಹೋತು. ಮಿಲ್ಟ್ರಿಗೆ ಹೋದ ಅಂತ ಇಷ್ಟ ದಿನಾ ಸುಮ್ಕಿದ್ದೆ. ಈಗ ಅಂವನ ಹೆಸರ ಕಲ್ಲಿನ್ಯಾಗ ಕೆತ್ತಸ್ಯಾರಂತ. ಪೇರಲ ಕಳ್ಳಗ ಕಲ್ಲ ಯಾಕ ಬೇಕು?"

ಭೂಮಿ ಬಾಯಿ ಬಿಡಬಾರದೇ ಎಂದುಕೊಂಡೆ. ಅತ್ತಿಯ ಹಿತ್ತಲಲ್ಲಿ ನಾನು ಕಂಡದ್ದು ಒಂದು ಕರಿಬೇವು, ಒಂದು ತೆಂಗು. ಪೇರಲ ನನಗೆ ನೆನಪಿಲ್ಲ. ಆದರೆ ಅದನ್ನು ಕೇಳುವ ಹೊತ್ತೇ ಅದು? ಸ್ಕೂಟರಿನ ಕೀಲಿ ಕೈಯಲ್ಲೇ ಇತ್ತು, ಓಡಿಹೋಗಲು ಧೈರ್ಯ ಸಾಲಲಿಲ್ಲ.

ತುಳಸಾಬಾಯಿ ಅಕ್ಕಿಯ ಮೊರ ಕೆಳಗಿಟ್ಟರು.

"ಯಾರಂದ್ರು? ನನ್ನ ಪರಶ್ಯಾ ಗಿಡಾ ಹತ್ತಾಂವಲ್ಲ."

"ನಾ ಕಣ್ಣಾರೆ ನೋಡೇನಿ."

"ಹಂಗಾರ ಕಣ್ಣ ತೋರಿಸ್ಕೋರಿ. ಅಂವಗ ಎತ್ತರ ಅಂದ್ರ ಜೀವಾ ಹೋಗತಿತ್ತು. ಅಟ್ಟದ ಮ್ಯಾಲಿಂದ ಹುಲ್ಲ ತಗೀ ಅಂದ್ರ, 'ಆಯಿ, ನಿಚ್ಚಣಿಕಿ ಹಿಡಿ, ಕೈ ಬಿಡಬ್ಯಾಡ' ಅಂತ ಅಳತಿದ್ದ. ಅಂವ ನಿಮ್ಮ ಪೇರಲ ಗಿಡಾ ಹತ್ತತಾನ?"

"ಹಂಗಾರ ಕೆಳಗ ನಿಂತು ಕಲ್ಲ ಒಗದಿರಬೇಕು."

"ಒಗದ್ರ ಹಣ್ಣಿಗೆ ತಾಗಬೇಕಲ್ಲ? ಕಾಗಿಗೆ ಒಗದ್ರ ನಮ್ಮ ಹಂಚ ಒಡೀತಿತ್ತು. ಅಲ್ನೋಡ್ರಿ, ಆ ಮೂಲ್ಯಾಗ ಬ್ಯಾರೆ ಬಣ್ಣದ ಹಂಚ ಅದಾವಲ್ಲ, ಎಲ್ಲಾ ಅಂವಂದಽ ಗುರಿ."

ಮಾತು ಮುಗಿಸುವಷ್ಟರಲ್ಲಿ ಅವರ ಸಿಟ್ಟು ಎಲ್ಲಿ ಹೋಯಿತೋ, ನಗು ಬಂದುಬಿಟ್ಟಿತು. ಬಾಯಿಗೆ ಸೆರಗು ಒತ್ತಿಕೊಂಡರೂ ನಿಲ್ಲಲಿಲ್ಲ. ಅತ್ತಿ ಮಾತ್ರ ನಗಲಿಲ್ಲ. ಹಟಮಾರಿ ಇದ್ದ ಎಂದಳು, ಇಲ್ಲ ಎಂದು ಇವರು ಅವನ ಮೃದು ಸ್ವಭಾವ ಹೇಳಿದರು. ಹೊಟ್ಟೆಬಾಕ ಇದ್ದ ಎಂದಳು, ತಂಗಿಗೆ ರೊಟ್ಟಿ ಉಳಿಸಿ ತಾನು ನೀರು ಕುಡಿದು ಮಲಗಿದ ದಿನವನ್ನು ಇವರು ಹೇಳಿದರು. ಒಂದು ಬೈಗುಳಕ್ಕೆ ಒಂದು ಕಥೆ. ಚಹಾ ಬಂತು, ಅವಲಕ್ಕಿ ಬಂತು. ನಾನೆಂಬ ಪ್ರಾಣಿ ಅಲ್ಲಿ ಇದ್ದೇನೆಂಬುದು ಇಬ್ಬರಿಗೂ ಮರೆತೇಹೋಯಿತು. ಅತ್ತಿ ಹೊರಟು ನಿಂತಾಗ ತುಳಸಾಬಾಯಿ ಕೇಳಿದರು:

"ಕಾರ್ಯಕ್ರಮದಾಗೂ ಈ ಪೇರಲ ಗಿಡದ ಸುದ್ದಿ ತಗೀತೀರೇನು?"

"ತಗ್ಯಾಕೀನಽ. ಮೈಕಿನ್ಯಾಗ ಹೇಳ್ತೇನಿ."

"ಹಂಗಾರ ನಾನೂ ಬರ್ತೇನಿ. ನೀವ ಹೇಳೂದು, ನಾ ಸುಮ್ಕ ಕೇಳೂದು ಆಗೂದಿಲ್ಲ."

ಕಾರ್ಯಕ್ರಮದ ದಿನ ತುಳಸಾಬಾಯಿ ವೇದಿಕೆಯ ಮೇಲೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, ಜಗಳಕ್ಕೆ ಬಂದವರ ಹಾಗೆ ಕುಳಿತಿದ್ದರು. ಅತ್ತಿ ಎದುರಿನ ಸಾಲಿನಲ್ಲಿ. ಹೊಸದಾಗಿ ಮಾತಾಡಬೇಕೆಂದು ನಾನು ದಾರಿಯುದ್ದಕ್ಕೂ ನಿಶ್ಚಯ ಮಾಡಿಕೊಂಡು ಬಂದಿದ್ದೆ. ಆದರೆ ರೂಢಿಯಾದ ನಾಲಿಗೆ ಮಾತು ಕೇಳುತ್ತದೆಯೇ? ಮೈಕ್ ಮುಟ್ಟಿದ ಕೂಡಲೇ, "ಅಂಜಿಕೆ ಎಂಬುದನ್ನೇ ಅರಿಯದ ಎದೆ" ಎಂದುಬಿಟ್ಟಿತು.

ಹಿಂದಿನಿಂದ ಒಂದು ಕೈ ಬಂದು ಮೈಕ್ ತೆಗೆದುಕೊಂಡಿತು.

"ಸರು ಸುಳ್ಳ ಹೇಳಾಕತ್ಯಾರ," ಎಂದರು ತುಳಸಾಬಾಯಿ. ಸಭೆ ಗೊಳ್ಳೆಂದಿತು. "ನನ್ನ ಮಗಾ ಅಂಜಬುರಕ ಇದ್ದ. ನಿಚ್ಚಣಿಕಿ ಏರಾಕ ನಾ ಕೆಳಗ ಹಿಡದ ನಿಂದ್ರಬೇಕಿತ್ತು. ಅಂಥಾವನ್ನ ಅಷ್ಟ ದೊಡ್ಡ ಗುಡ್ಡದ ಮ್ಯಾಲ ಏರು ಅಂದ್ರು. ಕೆಳಗ ಹಿಡ್ಯಾಕ ನಾ ಇದ್ದಿಲ್ಲ. ಅಂಜಿಕೋತ ಏರಿರ್ತಾನ. ಆದ್ರ ಏರಿದ."

ತುಳಸಾಬಾಯಿ ಎದುರಿನ ಸಾಲಿನ ಕಡೆ ತಿರುಗಿ, "ಈ ಅಕ್ಕಾರ ಪೇರಲ ಗಿಡಾ ಮಾತ್ರ ಏರಿಲ್ಲ," ಎಂದು ಮೈಕನ್ನು ನನ್ನ ಕೈಗಿಟ್ಟರು.

ಹಿಂದಿನಿಂದ ಯಾರೋ ಒಬ್ಬ ಎದ್ದು, "ಖರೆ ಐತಿ ಆಯಿ, ಬಾವ್ಯಾಗ ಈಸಾಕ ಹೋದ್ರ ನಾವೆಲ್ಲಾ ಮ್ಯಾಲಿಂದ ಜಿಗೀತಿದ್ವಿ, ಅಂವ ಮೆಟ್ಲ ಹಿಡದ ಇಳೀತಿದ್ದ," ಎಂದ. ಇನ್ನೊಬ್ಬರು ತಮ್ಮ ಅಣ್ಣನ ಹಲಸಿನ ಹಣ್ಣಿನ ಹುಚ್ಚು ಹೇಳಿದರು. ಕಲ್ಲಿನ ಮೇಲೆ ಹೆಸರಿದ್ದವರ ಮನೆಯವರೆಲ್ಲ ಒಬ್ಬೊಬ್ಬರಾಗಿ ಎದ್ದರು. ನಾನು ಮೈಕ್ ಹಿಡಿದು ಅವರಿಂದ ಇವರ ಬಳಿಗೆ ಓಡಾಡಿದೆ. ನನ್ನ ಜೀವಮಾನದ ಅತ್ಯುತ್ತಮ ನಿರೂಪಣೆ ಅದೇ ಎಂದು ಎಲ್ಲರೂ ಹೇಳಿದರು. ಆ ಒಂದು ಸುಳ್ಳು ಬಿಟ್ಟರೆ ನಾನು ಒಂದು ಮಾತೂ ಆಡಿರಲಿಲ್ಲ.

ಮರಳುವ ದಾರಿಯಲ್ಲಿ ಕೇಳಿದೆ. "ಅತ್ತಿ, ನಿನ್ನ ಹಿತ್ತಲದಾಗ ಪೇರಲ ಗಿಡಾ ಯಾವಾಗಿತ್ತು?"

"ಎಲ್ಲೀ ಪೇರಲ? ಆ ಹುಡಗನ್ನ ನಾ ನೋಡೇ ಇಲ್ಲೋ."

ಸ್ಕೂಟರ್ ರಸ್ತೆ ಬಿಟ್ಟು ಇಳಿಯುವುದರಲ್ಲಿತ್ತು. ಗುದ್ದು ಬೀಳುತ್ತದೆ ಎಂದುಕೊಂಡೆ, ಬೀಳಲಿಲ್ಲ.

"ಮಗನ್ನ ಹೊಗಳಿದ್ರ ತಾಯಿ ಏನ ಮಾಡಬೇಕು? ಕೈ ಮುಗಿಬೇಕು. ಬೈದ್ರ ಬಾಯಿ ಬಿಡತಾಳ," ಎಂದಳು ಅತ್ತಿ. ಸ್ವಲ್ಪ ದೂರ ಹೋದ ಮೇಲೆ ಮತ್ತೆ ಆಕೆಯೇ ಮುಂದುವರಿಸಿದಳು. "ಅಣ್ಣ ಹೋದಾಗ ಊರಿಗೆ ಊರಽ ಬಂದು ಹೊಗಳಿ ಹೋತು. ನಮ್ಮವ್ವ ಕೈ ಮುಗಕೊಂಡು ಕುಂತಳು. ಸಾಯೂತನಾ ಹಂಗಽ ಕುಂತಳು, ಅಂವನ ಬಗ್ಗೆ ಒಂದ ಮಾತು ಆಡಲಿಲ್ಲ. ಬೈಯಾಕ ಒಬ್ಬರೂ ಬರಲಿಲ್ಲೋ ಆಕಿಗೆ."

ನನ್ನ ಕಾಲರ್ ಹಿಡಿದಿದ್ದ ಕೈ ಸಡಿಲವಾಗಿತ್ತು. ಇಷ್ಟು ವರ್ಷ ಸಭೆ ಸಭೆಗಳಲ್ಲಿ ಈಕೆಗೂ ಶಾಲು ಹೊದಿಸಿ ಕೂರಿಸಿದೆವಲ್ಲ, ಅಣ್ಣ ಹೇಗಿದ್ದ ಎಂದು ಯಾರು ಕೇಳಿದ್ದೆವು? ಸಮಾಧಾನದ ಮಾತು ಹುಡುಕಿದೆ, ಬಂದದ್ದು ಸಹ್ಯಾದ್ರಿ ಮತ್ತು ಕಾಳಿ ನದಿ. ಅವನ್ನು ನುಂಗಿಕೊಂಡು, ಧೈರ್ಯ ಮಾಡಿ ಹೇಳಿದೆ:

"ದೊಡ್ಡಪ್ಪ ಭಾಳ ಮೈಗಳ್ಳ ಇದ್ನಂತಲ್ಲ ಅತ್ತಿ. ಅಪ್ಪ ಹೇಳತಿದ್ದ."

ಅಪ್ಪ ಅಂಥ ಮಾತು ಎಂದೂ ಹೇಳಿರಲಿಲ್ಲ.

ಬೆನ್ನಿನ ಮೇಲೆ ಧಡ್ಡೆಂದು ಬಿತ್ತು. "ಯಾರು, ನಿಮ್ಮಪ್ಪ ಹೇಳ್ತಾನ? ಅಂವಗೇನ ಗೊತ್ತು, ತೊಟ್ಲಾಗಿದ್ದ. ಮೈಗಳ್ಳನಂತ, ಮೈಗಳ್ಳ! ಅವ್ವ ನಸಕಿನ್ಯಾಗ ಹೊಲಕ್ಕ ಹೋದ್ರ ನನ್ನ ತಲಿ ಹಿಕ್ಕಿ ಜಡಿ ಹಾಕಾಂವ ಯಾರು? ಅಣ್ಣನಽ. ಸೊಟ್ಟ ಹಾಕತಿದ್ದ, ಸಾಲ್ಯಾಗ ಎಲ್ಲಾರೂ ನಗತಿದ್ರು. ಬಿಚ್ಚಿ ಮತ್ತ ಹಾಕು ಅಂತ ಅಳತಿದ್ದೆ. ಎಷ್ಟ ಸಲಾ ಅತ್ರ ಅಷ್ಟ ಸಲಾ ಬಿಚ್ಚಿ ಹಾಕತಿದ್ದ, ಒಂದಿನಾ ಸಿಟ್ಟಿಗೆದ್ದಿಲ್ಲ..."

ನಾನು ಸ್ಕೂಟರನ್ನು ಎಷ್ಟು ನಿಧಾನ ಮಾಡಬಹುದೋ ಅಷ್ಟು ನಿಧಾನ ಮಾಡಿದೆ. ಹಳಿಯಾಳ ಬಂತು, ಆಕೆಯ ಓಣಿ ಬಂತು, ಮನೆಯೂ ಬಂತು. ಅತ್ತಿ ಇಳಿಯಲಿಲ್ಲ. ನಿಂತ ಸ್ಕೂಟರಿನ ಮೇಲೆಯೇ ಕುಳಿತು ಅಣ್ಣನ ಸುದ್ದಿ ಹೇಳುತ್ತಲೇ ಇದ್ದಳು.