ಮುತ್ಯಾನ ಮಾತು, ನನ್ನ ಬಾಯಾಗಿನ ನೀರು

ದುಃಖ ಅನ್ನೋದು ನಮ್ಮ ಮನಿಗಿ ಎಂದೂ ಒಂದೇ ಬರಂಗಿಲ್ಲ, ತನ್ನ ಜೋಡಿ ಒಂದು ನಗಿ ಕರ್ಕೊಂಡೇ ಬರ್ತದ. ಹೋದ ವರ್ಷ ನಮ್ಮನಿಯವ್ರಿಗಿ ಲಕ್ವಾ ಹೊಡೀತು. ಕೈಕಾಲು ಬಂದವು, ಮಾತು ಬರ್ಲಿಲ್ಲ. ನಮ್ಮೂರು ರಾಮಸಮುದ್ರದ ಕಟ್ಟಿ ಮ್ಯಾಲ ಕುಂತು ಬ್ಯಾರೇದವ್ರಿಗಿ ಬಾಯಿ ತಗ್ಯಾಕ ಬಿಡಲಾರದವ್ರು, ಸುಮ್ಮನ ಗ್ವಾಡಿ ನೋಡ್ಕೋತ ಕುಂತ್ರು. ಇನ್ನ ಇವ್ರ ದನಿ ಕೇಳ್ತೀನೋ ಇಲ್ಲೋ ಅಂತ ನನ್ನ ಜೀವ ಹಾರಿತ್ತು.

ಕಿವಿ ದರ್ಶನ

ಯಾದಗಿರಿಯಾಗ ಮಾತು ಕಲಿಸೋ ಡಾಕ್ಟರಮ್ಮ ಒಬ್ಬಾಕಿ ಅದಾಳ. ಮೊದಲು ಫೋನಿನ್ಯಾಗ ಮುಖ ನೋಡಿ ಕಲಿಸ್ತೀನಿ ಅಂದ್ಲು. ಸೊಸಿ ಫೋನು ಹಚ್ಚಿ ಕೈಯಾಗ ಕೊಟ್ಲು. ಇವ್ರಿಗಿ ಫೋನಂದ್ರ ಕಿವಿಗಿ ಇಡೋದೇ ಗೊತ್ತು. "ಮುತ್ಯಾ, ಬಾಯಿ ತಗೀರಿ" ಅಂದ್ಲು. ಇವ್ರು ತಗದ್ರು. ಖರೆ, ಆಕಿಗಿ ಕಂಡದ್ದು ಕಿವಿ. ನಾಕು ದಿನ ಹಿಂಗೇ ಆತು. ಐದನೇ ದಿನ ನನಗ, "ಆಯಿ, ಮುತ್ಯಾನ ಕಿವ್ಯಾಗ ಕೂದಲು ಎಷ್ಟದಾವ ಅಂತ ಬೇಕಾದ್ರ ಕೇಳ್ರಿ, ಹೇಳ್ತೀನಿ. ನಾಲಿಗಿ ಹೆಂಗದ ಅಂತ ಮಾತ್ರ ಗೊತ್ತಿಲ್ರಿ. ಇಲ್ಲಿಗೇ ಕರ್ಕೊಂಡು ಬರ್ರಿ" ಅಂದ್ಲು.

ಮೇಣಬತ್ತಿಗಿ ಶರಣು

ದವಾಖಾನ್ಯಾಗ ಎದುರಿಗಿ ಕುಂಡ್ರಿಸ್ಕೊಂಡು ಮೇಣಬತ್ತಿ ಹಚ್ಚಿದ್ಲು. "ಊದ್ರಿ ಮುತ್ಯಾ, ತುಟಿಗಿ ಶಕ್ತಿ ಬರ್ತದ." ದೀಪ ಬಾಯಿಲೆ ಆರಿಸಬಾರದು ಅಂತ ಹುಟ್ಟಿದಾಗಿಂದ ಕೇಳಿದವ್ರು ಊದ್ತಾರೇನು? ರುಮಾಲು ಸರಿ ಮಾಡ್ಕೊಂಡು ಎರಡೂ ಕೈ ಮುಗದ್ರು. ಹೊರಗ ಬೆಂಚಿನ ಮ್ಯಾಲ ಪಾಳಿಗಿ ಕುಂತ ಮಂದಿಯೆಲ್ಲಾ ನೋಡಾಕತ್ತಿದ್ರು. ಡಾಕ್ಟರಮ್ಮ ಗದರ್ಲಿಲ್ಲ. ಇವ್ರ ಮುಖ ನೋಡಿದ್ಲು, ಬತ್ತಿ ತಗದು ಕಪ್ಪಿನ ಕೆಳಗಿನ ಬಸಿಯಾಗ ಸುಡು ಸುಡು ಚಾ ಹಾಕಿ ಮುಂದಿಟ್ಲು. ಇವ್ರು ಊದಿದ್ದೇ ಊದಿದ್ದು!

ಮುಂದಿನ ವಾರ ಹೋಗಿ ನೋಡಿದ್ರ, ಬೆಂಚಿನ ಮಂದಿಯೆಲ್ಲಾ ಮೇಣಬತ್ತಿ ಕಂಡ ಕೂಡ್ಲೇ ಕೈ ಮುಗಿಯಾಕತ್ತಿದ್ರು.

ಬಾಯಿ ತುಂಬ ನೀರು

ಊದೋದು ಬಂತು, ಮಾತು ಬರವಲ್ದು. ಒಂದಿನ ಆಕಿ, "ಮುತ್ಯಾ, ಇವತ್ತು ಏನು ಉಂಡ್ರಿ?" ಅಂದ್ಲು.

"ರೊಟ್ಟಿ, ಪುಂಡಿಪಲ್ಯ" ಅಂದೆ ನಾ.

"ಮುತ್ಯಾ, ಹೆಂಗದೀರಿ?"

"ಆರಾಮ ಅದಾರ್ರಿ" ಅಂದೆ ನಾ.

ಆಕಿ ಕಣ್ಣು ಸಣ್ಣ ಮಾಡಿ ನನ್ನನ್ನ ನೋಡಿದ್ಲು. "ಆಯಿ, ಮುತ್ಯಾ ಬಾಯಿ ತಗ್ಯಾಕ ಹೋಗ್ತಾರ, ಅಷ್ಟ್ರಾಗ ನೀವು ಹೇಳಿ ಮುಗಿಸ್ತೀರಿ. ಇದು ಫೋನಿನ್ಯಾಗ ಕಂಡಿದ್ದಿಲ್ಲ ನೋಡ್ರಿ." ಅಂದಾಕಿನೇ ನನ್ನ ಬಾಯಿ ತುಂಬ ನೀರು ಹಾಕಿದ್ಲು. "ಮುತ್ಯಾ ಮಾತಾಡೋತನಕ ನುಂಗಬಾರದು, ಉಗುಳಬಾರದು."

ನನ್ನ ಗಲ್ಲ ಎರಡೂ ಪೂರಿ ಉಬ್ಬಿದಂಗ ಉಬ್ಬಿದವು.

"ಮುತ್ಯಾ, ಇವ್ರ ಹೆಸರೇನು?" ಅಂತ ನನ್ನ ಕಡಿ ಕೈ ಮಾಡಿದ್ಲು.

ಐವತ್ತು ವರ್ಷದ ಸಂಸಾರದಾಗ ಬಾಯಿ ಮುಚ್ಚಿದ ನನ್ನನ್ನ ಇವ್ರು ಎಂದೂ ನೋಡಿದ್ದಿಲ್ಲ. ನೋಡೇ ನೋಡಿದ್ರು. ತುಟಿ ನಡುಗಿತು, ನಾಲಿಗಿ ಹೊರಳಿತು, ದನಿ ಬರವಲ್ದು. ನನ್ನ ಕಣ್ಣಾಗೂ ನೀರು. ಪಾಪ, ನಾನೇ ಹೇಳಿಬಿಡ್ತೀನಿ ಅಂತ ನುಂಗಾಕ ಹೋದೆ.

ಇವ್ರು ತಟ್ಟನೆ ಕೈ ಎತ್ತಿ, ಹೊರಗಿನ ಬೆಂಚಿಗಿ ಕೇಳಂಗ ಅಂದ್ರು: "ನುಂಗಬ್ಯಾಡ!"

ನನಗ ನಗಿ ತಡೀಲಿಲ್ಲ. ಬಾಯಾಗಿನ ನೀರೆಲ್ಲಾ ಡಾಕ್ಟರಮ್ಮನ ಮುಖದ ಮ್ಯಾಲ. ಆಕಿ ಸೆರಗಿಲೆ ಒರಸ್ಕೊಂಡು ಅಂದ್ಲು: "ಇದೂ ಫೋನಿನ್ಯಾಗ ಆಗ್ತಿದ್ದಿಲ್ಲ ಬಿಡ್ರಿ, ಆಯಿ."