ಕನ್ನಡ ಕಾಲುಮೈಲಿ ಸಂಘದ ನಿಂಬೆಹಣ್ಣಿನ ನಿಯಮ

೧೯೯೯ನೇ ಇಸವಿಯಲ್ಲಿ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನ ಕನ್ನಡ ಕಾಲುಮೈಲಿ ಸಂಘದಲ್ಲಿ ಒಟ್ಟು ಇಬ್ಬರು ಸದಸ್ಯರಿದ್ದರು: ಅಧ್ಯಕ್ಷ ಯೋಗಾನಂದ, ಕಾರ್ಯದರ್ಶಿ ದೇವರಾಜು. ಖಜಾಂಚಿ ಹುದ್ದೆಗೆ ನಂಬಿಕಸ್ಥರು ದೊರೆಯದ ಕಾರಣ ಅದನ್ನು ಖಾಲಿ ಬಿಡಲಾಗಿತ್ತು. ಹಳೆಯ ಅಮೆರಿಕನ್ ಕಾರಿನ ಎಂಟು ಸಿಲಿಂಡರಿನ ಎಂಜಿನ್ನನ್ನು ಸ್ವಂತ ಕೈಯಿಂದ ಬಿಚ್ಚಿ, ಮತ್ತೆ ಜೋಡಿಸಿ, ಕಾಲು ಮೈಲಿ ನೇರ ರಸ್ತೆಯಲ್ಲಿ ಎದುರಾಳಿಗಿಂತ ಮೊದಲು ಗುರಿ ಮುಟ್ಟುವುದು ಸಂಘದ ಧ್ಯೇಯ. ಇದರಲ್ಲಿ ಬಿಚ್ಚುವ ಭಾಗ ಒಂದೂವರೆ ವರ್ಷದ ಹಿಂದೆಯೇ ಯಶಸ್ವಿಯಾಗಿ ಮುಗಿದಿತ್ತು.

ಇಬ್ಬರೂ ಸಾಫ್ಟ್‌ವೇರಿನವರು. ಎರಡು ಸಾವಿರನೇ ಇಸವಿ ಹುಟ್ಟಿದಾಗ ಕಂಪ್ಯೂಟರುಗಳು ದಿಗಿಲುಬೀಳದಂತೆ ನೋಡಿಕೊಳ್ಳುವುದು ಅವರ ನೌಕರಿ. ಆ ಅಭ್ಯಾಸಬಲದಿಂದ ಯೋಗಾನಂದ ಎಂಜಿನ್ನಿಗೂ ನಲವತ್ತೆರಡು ಪುಟದ ದಾಖಲೆ ಬರೆದಿದ್ದ. ಕೊನೆಯ ಪುಟದಲ್ಲಿ ತಿಳಿದುಬಂದ ದೋಷಗಳ ಪಟ್ಟಿಯಿತ್ತು: 'ಎಂಜಿನ್ನು ಚಾಲೂ ಆಗುವುದಿಲ್ಲ. ತೀವ್ರತೆ: ಮಧ್ಯಮ.' ಪ್ರತಿ ಭಾನುವಾರ ದೇವರಾಜು ಬಂದು, ತನ್ನದೇ ಸ್ಪ್ಯಾನರಿನಿಂದ ಎದುರಾಳಿಯಾದ ಯೋಗಾನಂದನ ಕಾರ್ಬುರೇಟರು ಸರಿಮಾಡಿ, ಎರಡು ಸಲ ಚಿತ್ರಾನ್ನ ಬಡಿಸಿಕೊಂಡು, ನಿನ್ನನ್ನು ಮಣ್ಣು ಮುಕ್ಕಿಸುತ್ತೇನೆ ಎಂದು ಹೇಳಿ ಪ್ಲೆಸೆಂಟನ್ನಿನ ತನ್ನ ಮನೆಗೆ ಹೊರಡುತ್ತಿದ್ದ. ಅವನ ಕಾರಿಗೆ ಬ್ರೇಕು ಕೂರಿಸಿಕೊಟ್ಟವನು ಯೋಗಾನಂದನೇ.

ಯೋಗಾನಂದನ ಹೆಂಡತಿ ರಂಜನಿಯ ಕಾರು ಈ ಒಂದೂವರೆ ವರ್ಷವೂ ಬೀದಿಯಲ್ಲಿ ನಿಂತಿತ್ತು. ಗ್ಯಾರೇಜಿನಲ್ಲಿ ಹಳೆಯ ಕಾರು, ವಾಷಿಂಗ್ ಮೆಷೀನಿನ ಮೇಲೆ ಪಿಸ್ಟನ್ನು. ಅವಳು ಜಗಳವಾಡಲಿಲ್ಲ. "ಬೈಲಾದಲ್ಲಿ ಒಂದು ಸಾಲು ಸೇರಿಸ್ರೀ, ಸಾಕು. ಗೆದ್ದ ಕಾರು ಗ್ಯಾರೇಜಿಗೆ, ಸೋತಿದ್ದು ಬೀದಿಗೆ," ಅಂದಳು. ಇದು ನಿಯಮ ಹನ್ನೊಂದು ಆಯಿತು.

ಯೋಗಾನಂದ ನಗುತ್ತಲೇ ಸಹಿ ಹಾಕಿದನಾದರೂ ಒಳಗೊಳಗೇ ಹೆದರಿದ. ಹತ್ತು ವರ್ಷ ಆಫೀಸಿನಲ್ಲಿ ಗೇದದ್ದು ಯಾವುದೂ ಕೈಗೆ ಸಿಗುವ ವಸ್ತುವಲ್ಲ. ತಾನೇ ಮಾಡಿದ್ದೊಂದು ಗುಡುಗಬೇಕು, ನಾಲ್ಕು ಜನರ ಎದುರು ಓಡಬೇಕು ಎಂಬ ಆಸೆ ಅವನಿಗೆ. ಗ್ಯಾರೇಜು ಹೋದರೆ ಆಸೆಯೂ ಹೋದಂತೆ.

ಅಕ್ಟೋಬರಿನ ಒಂದು ಶನಿವಾರ ಗಿಲ್‌ರಾಯಿನ ಆಚೆ, ಬೆಳ್ಳುಳ್ಳಿ ಹೊಲಗಳ ಘಾಟು ಬಡಿಯುವ ರೇಸ್ ಟ್ರ್ಯಾಕಿನಲ್ಲಿ ಸ್ಪರ್ಧೆ ಏರ್ಪಟ್ಟಿತು. ನಾಲ್ಕನೇ ಪ್ರಯತ್ನಕ್ಕೆ ಯೋಗಾನಂದನ ಎಂಜಿನ್ನು ಗುಡುಗಿತು. ಟ್ರ್ಯಾಕಿನ ನಿಯಮ ಸರಳ: ಹಸಿರು ದೀಪಕ್ಕೆ ಮೊದಲೇ ಗಾಲಿ ಗೆರೆ ದಾಟಿದರೆ ಕೆಂಪು ದೀಪ, ಅಲ್ಲಿಗೆ ಆಟ ಮುಗಿಯಿತು.

ಆಗ ಮಂಡ್ಯದಿಂದ ಮಗನ ಮನೆಗೆ ಬಂದಿದ್ದ ದೇವರಾಜುವಿನ ತಾಯಿ ಮರಿತಾಯಮ್ಮ, ಸೆರಗಿನಲ್ಲಿ ನಿಂಬೆಹಣ್ಣು ಕಟ್ಟಿಕೊಂಡು ಗೆರೆಯ ಹತ್ತಿರ ಬಂದರು. ಪೂಜೆಯಿಲ್ಲದೆ ಗಾಡಿ ಹೊರಡುವುದು ಅವರ ಕಣ್ಣೆದುರು ಸಾಧ್ಯವಿರಲಿಲ್ಲ. ಎರಡೂ ಕಾರುಗಳಿಗೆ ಕುಂಕುಮವಿಟ್ಟು, ಮುಂದಿನ ಗಾಲಿಗಳಡಿ ಹಣ್ಣು ಇಟ್ಟರು. ಅವನು ನನ್ನ ಎದುರಾಳಿ ಎಂದು ಮಗ ಆಕ್ಷೇಪಿಸಿದ.

"ಎದುರಾಳಿಯಾದ್ರೇನ್ಲಾ, ಅವನ್ಗೆ ಕಣ್ಣು ತಗಲಕಿಲ್ವಾ?"

ಹಣ್ಣು ಯಾಕೆ ಎಂದು ಟ್ರ್ಯಾಕಿನ ಅಧಿಕಾರಿ ವಿಚಾರಿಸಿದ. ಗುಣಮಟ್ಟ ಪರೀಕ್ಷೆ ಎಂದು ಯೋಗಾನಂದ ವಿವರಿಸಿದ. ಅಧಿಕಾರಿ ಅದನ್ನು ಬರೆದುಕೊಂಡ.

ಹಣ್ಣು ತಡೆದದ್ದರಿಂದ ಕಾರುಗಳು ಗೆರೆಗೆ ಸರಿಯಾಗಿ ಬಂದು ನಿಲ್ಲಲಿಲ್ಲ. ಇಬ್ಬರೂ ಕಾಲು ತುಸು ಜೋರಾಗಿ ಒತ್ತಿದರು. ಹಣ್ಣುಗಳು ಒಡೆದವು, ಕಾರುಗಳು ಒಂದೊಂದು ಗೇಣು ಮುಂದಕ್ಕೆ ನೆಗೆದವು, ಎರಡು ಕಡೆಯೂ ಕೆಂಪು ದೀಪ ಹತ್ತಿತು. ಯೋಗಾನಂದನ ಎಂಜಿನ್ನು ಕೆಮ್ಮಿ ಸುಮ್ಮನಾಯಿತು. ಒಂದೂವರೆ ವರ್ಷದ ಸಾಧನೆ ಒಂದು ಗೇಣು ಎಂದು ದಾಖಲಾಯಿತು.

ದೇವರಾಜುವಿನ ಎಂಜಿನ್ನು ಚಾಲೂ ಇತ್ತು, ಮತ್ತೆ ಸಾಲಿನಲ್ಲಿ ನಿಂತು ಅವನು ಇನ್ನೊಮ್ಮೆ ಓಡಬಹುದಿತ್ತು. "ನೀನಿಲ್ದೆ ನಾನೊಬ್ನೇ ಓಡಿ ಏನ್ ಮಾಡ್ಲೋ?" ಎಂದು ಇಳಿದುಬಂದ. ಗೆದ್ದವರು ಯಾರೆಂದು ತೀರ್ಮಾನಿಸಲು ಸ್ಥಳದಲ್ಲೇ ತುರ್ತುಸಭೆ ಸೇರಿತು. ಲಭ್ಯವಿದ್ದ ಸಾಕ್ಷ್ಯ ನಿಂಬೆಹಣ್ಣು ಮಾತ್ರವಾದ್ದರಿಂದ ಮರಿತಾಯಮ್ಮನವರನ್ನು ತಾಂತ್ರಿಕ ತೀರ್ಪುಗಾರರನ್ನಾಗಿ ನೇಮಿಸಲಾಯಿತು. ಅವರು ಬಗ್ಗಿ ನೋಡಿದರು.

"ನಮ್ ಹೈದಂದು ಅರೆಬರೆ ಕಣಪ್ಪ. ನಿಂದು ಅಪ್ಪಚ್ಚಿಯಾಗದೆ."

ಯೋಗಾನಂದ ಗೆದ್ದ. ಅವನ ಟೈರಿನಲ್ಲಿ ಗಾಳಿ ಕಡಿಮೆಯಿದ್ದದ್ದನ್ನು ತಾಂತ್ರಿಕ ಶ್ರೇಷ್ಠತೆ ಎಂದು ನಡಾವಳಿಯಲ್ಲಿ ನಮೂದಿಸಲಾಯಿತು. ದೇವರಾಜು ಅಂದೇ ತನ್ನ ಕಾರನ್ನು ಬೀದಿಯಲ್ಲಿ ನಿಲ್ಲಿಸಿದ.

ಸುದ್ದಿ ಇಂಡಿಯನ್ ಗ್ರೋಸರಿಗಳಲ್ಲಿ ಹಬ್ಬಿ, ಮರುವರ್ಷ ಸದಸ್ಯರ ಸಂಖ್ಯೆ ಮೂವತ್ತೊಂದಕ್ಕೆ ಏರಿತು. ಸದಸ್ಯರೊಬ್ಬರು ನೌಕರಿ ಬಿಟ್ಟು ನಿಂಬೆಹಣ್ಣಿನ ವೆಬ್‌ಸೈಟು ತೆರೆದರು. ಹಣ್ಣನ್ನು ಹೆಚ್ಚು ಚಪ್ಪಟೆ ಮಾಡಿದ ಕಾರು ವಿಜಯಿ ಎಂಬುದು ನಿಯಮ ಹನ್ನೆರಡು. ಕಾಲು ಮೈಲಿ ಓಟವನ್ನು ಸಮಯಾಭಾವದಿಂದ ಕೈಬಿಡಲಾಯಿತು. ಎಂಜಿನ್ನು ಚಾಲೂ ಇದ್ದರೆ ಅಪಾಯವೆಂದು ಕಾರು ತಳ್ಳಲು ಅನುಮತಿ ಸಿಕ್ಕಿತು. ಯೋಗಾನಂದನ ಎಂಜಿನ್ನಂತೂ ಆ ಶನಿವಾರದಿಂದ ಬಾಯಿ ಬಿಟ್ಟಿರಲಿಲ್ಲ.

ಎರಡನೇ ಸ್ಪರ್ಧೆಗೆ ರಂಜನಿ ದಿನಾ ಆಫೀಸಿಗೆ ಹೋಗುವ ತನ್ನ ಕಾರಿನಲ್ಲೇ, ಗ್ರೋಸರಿಯಿಂದ ನೇರವಾಗಿ ಬಂದಳು. ಮುಂದಿನ ಸೀಟಿನಲ್ಲಿ ಸೋನಾಮಸೂರಿಯ ನಾಲ್ಕು ಮೂಟೆಗಳಿದ್ದವು. ಮತ್ತೆ ವೀಸಾ ಮಾಡಿಸಿ ಕರೆಸಲಾಗಿದ್ದ ಮರಿತಾಯಮ್ಮನವರಿಗೆ ಅವಳ ಗಾಲಿಯಡಿ ಹಣ್ಣಿನ ಬೀಜ ಕೂಡ ಇಡಿಯಾಗಿ ಸಿಗಲಿಲ್ಲ; ರಂಜನಿ ಗೆದ್ದಳು. ಕಾರು ಹಳೆಯದಿರಬೇಕೆಂದು ಬೈಲಾದಲ್ಲಿ ಎಲ್ಲೂ ಇರಲಿಲ್ಲ. ಅಧ್ಯಕ್ಷನೇ ನಿಯಮ ಹನ್ನೊಂದನ್ನು ಗಟ್ಟಿಯಾಗಿ ಓದಿ ಸಹಿ ಹಾಕಿದ.

ಅಂದು ಸಂಜೆ ಹಳೆಯ ಕಾರನ್ನು ಗ್ಯಾರೇಜಿನಿಂದ ಹೊರಗೆ ಹಾಕುವ ಕಾರ್ಯಕ್ರಮ. ದೇವರಾಜು ತಳ್ಳುತ್ತಿದ್ದ, ಯೋಗಾನಂದ ಸ್ಟಿಯರಿಂಗು ಹಿಡಿದಿದ್ದ. ಕೊನೆಯದೊಂದು ಸಲ ನೋಡೋಣವೆಂದು ಕೀಲಿ ತಿರುಗಿಸಿ ಗೇರಿಗೆ ಹಾಕಿದ. ಇಳಿಜಾರಿನಲ್ಲಿ ಕ್ಲಚ್ಚು ಬಿಟ್ಟದ್ದೇ ತಡ, ಎಂಜಿನ್ನು ಗುಡುಗಿತು. ಕೆಮ್ಮಲಿಲ್ಲ, ನಿಲ್ಲಲಿಲ್ಲ. ಅಕ್ಕಪಕ್ಕದ ಮನೆಯವರು ಹೊರಗೆ ಬಂದರು. ಯೋಗಾನಂದನಿಗೆ ಅಳು ಬಂತು.

"ನಡಾವಳೀಲಿ ಬರ್ಕೊಳ್ಳೋ," ಎಂದ.

ದೇವರಾಜು ತಾನೂ ಕಣ್ಣೊರೆಸಿಕೊಂಡು, ಬೈಲಾ ತೆಗೆದು ಎರಡು ಸಲ ಓದಿದ. "ಎಂಜಿನ್ನು ನಮ್ಮ ಸಂಘದ ವ್ಯಾಪ್ತಿಗೆ ಬರಲ್ಲ ಕಣೋ."

ಅದು ನಿಯಮಬದ್ಧವಾಗಿತ್ತು. ಯೋಗಾನಂದ ಎಂಜಿನ್ನು ಆರಿಸಿದ, ಕಾರನ್ನು ಬೀದಿಯ ಅಂಚಿಗೆ ನಿಲ್ಲಿಸಿ ಕೆಳಗಿಳಿದ. ಆಮೇಲೆ ಕುಕ್ಕರಗಾಲಿನಲ್ಲಿ ಕೂತು, ಮುಂದಿನ ವರ್ಷದ ಸ್ಪರ್ಧೆಗಾಗಿ ಟೈರಿನ ಗಾಳಿ ಬಿಡತೊಡಗಿದ.